ನಮ್ಮ ರಸ್ತೆಗೂ ಸ್ಪೀಡ್ ಕ್ಯಾಮೆರಾ ಬೇಕು ಅನ್ನುವವರಿಗೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೀರಿ

"ನಮ್ಮ ರಸ್ತೆಯಲ್ಲಿ ಗಾಡಿಗಳು ಸಿಕ್ಕಾಪಟ್ಟೆ ಜೋರಾಗಿ ಹೋಗುತ್ತವೆ, ಒಂದು ಸ್ಪೀಡ್ ಕ್ಯಾಮೆರಾ ಹಾಕಿಸಬೇಕು, ಯಾರನ್ನು ಕೇಳಬೇಕು?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಹೆಚ್ಚಿನವರು ಆಗಲೇ ಒಂದು ಮನವಿ ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ ಕೊಟ್ಟು ಬಂದಿರುತ್ತಾರೆ. ಉತ್ತರ ಬಂದಿರುವುದಿಲ್ಲ. ಆ ಮನವಿಗಳನ್ನು ಓದಿದರೆ ಕಾರಣ ಗೊತ್ತಾಗುತ್ತದೆ: ಸಿಟ್ಟು ತುಂಬಾ ಇರುತ್ತದೆ, ಲೆಕ್ಕ ಒಂದೂ ಇರುವುದಿಲ್ಲ. ಅದಕ್ಕೇ ಶುರುವಿನಿಂದ ಕೊನೆಯವರೆಗೆ ಏನೇನು ಮಾಡಬೇಕು ಅನ್ನುವುದನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಅದನ್ನು ನಿಮ್ಮಲ್ಲಿ ಹೇಗಿದೆ ಅಂತ ನೀವೇ ನೋಡಿಕೊಳ್ಳಬೇಕು. ಕೆಲಸದ ಕ್ರಮ ಮಾತ್ರ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಹಾಕುವುದು ವೇಗ ಇಳಿಸುವುದಕ್ಕೆ. ಎಷ್ಟು ಜನರಿಗೆ ದಂಡ ಬಿತ್ತು ಅನ್ನುವುದನ್ನೇ ಗೆಲುವು ಅಂತ ಎಣಿಸುವ ಯೋಜನೆಯನ್ನು ಜನ ಬೇಗ ದ್ವೇಷಿಸಲು ಶುರು ಮಾಡುತ್ತಾರೆ. ಮುಂದೆ ಬರುವ ಪ್ರತಿ ಹಂತದಲ್ಲೂ ಈ ಮಾತು ನೆನಪಿರಲಿ.

ಹತ್ತು ಕಿಲೋಮೀಟರ್ ಜಾಸ್ತಿ ಹೋದರೆ ಏನಾಗುತ್ತದೆ?

ಮನವಿ ಕೊಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಬಾಯಿಗೆ ಬರುವಂತಿರಬೇಕು. ಒಣ ರಸ್ತೆ, ಒಳ್ಳೆ ಬ್ರೇಕು, ಚಾಲಕ ಅಪಾಯ ಕಂಡು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡು ಅಂತ ಇಟ್ಟುಕೊಳ್ಳಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತುವ ಮೊದಲೇ ಸುಮಾರು 21 ಮೀಟರ್ ಹೋಗಿರುತ್ತದೆ, ಒತ್ತಿದ ಮೇಲೆ ಇನ್ನೂ 14 ಮೀಟರ್. ಒಟ್ಟು 35 ಮೀಟರಿಗೆ ನಿಲ್ಲುತ್ತದೆ. ಅದೇ ಕಾರು 60ರಲ್ಲಿ ಇದ್ದರೆ ನಿಲ್ಲಲು ಸುಮಾರು 45 ಮೀಟರ್ ಬೇಕು. ಈಗ ಮುಖ್ಯ ವಿಷಯಕ್ಕೆ ಬನ್ನಿ. 50ರ ಕಾರು ಪೂರ್ತಿ ನಿಂತ ಆ 35ನೇ ಮೀಟರಿನಲ್ಲಿ, 60ರ ಕಾರು ಇನ್ನೂ 42 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅಲ್ಲಿ ಒಂದು ಮಗು ರಸ್ತೆ ದಾಟುತ್ತಿದ್ದರೆ ಒಂದು ಕಾರು ಮುಟ್ಟುವುದೇ ಇಲ್ಲ, ಇನ್ನೊಂದು 42ರಲ್ಲಿ ಗುದ್ದುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕವೂ ಇದೇ ದಾರಿಯದ್ದು. ರಸ್ತೆಯ ಸರಾಸರಿ ವೇಗ ಶೇ. 1 ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4 ಏರುತ್ತದೆ. ಕಾರು ಮುಂಭಾಗದಿಂದ ಗುದ್ದಿದಾಗ ಪಾದಚಾರಿ ಸಾಯುವ ಅಪಾಯ, 50ರಿಂದ 65 ಕಿ.ಮೀ.ಗೆ ಹೋಗುವಷ್ಟರಲ್ಲಿ ನಾಲ್ಕೂವರೆ ಪಟ್ಟಾಗುತ್ತದೆ. ಕ್ಯಾಮೆರಾದಿಂದ ಉಪಯೋಗ ಇದೆಯಾ ಅಂತ ಕೇಳಿದರೆ, 35 ಅಧ್ಯಯನಗಳನ್ನು ಒಟ್ಟಿಗೆ ನೋಡಿದ, ಕಾಕ್ರನ್ ಅನ್ನುವ ಅಂತರರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯ 2010ರ ವಿಮರ್ಶೆ ಇದೆ. ಕ್ಯಾಮೆರಾ ಇರುವ ಜಾಗದ ಆಸುಪಾಸಿನಲ್ಲಿ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು ಶೇ. 11ರಿಂದ ಶೇ. 44ರವರೆಗೆ ಇಳಿದಿದ್ದವು. ಅಂತರ ದೊಡ್ಡದು, ಗಮನಿಸಿ. ಎಲ್ಲಿ ಹಾಕುತ್ತೀರಿ, ಹೇಗೆ ನಡೆಸುತ್ತೀರಿ ಅನ್ನುವುದರ ಮೇಲೆ ಫಲ ಅಷ್ಟು ಬದಲಾಗುತ್ತದೆ.

ಏನೇನು ಬೇಕು?

ಉದ್ದದ ಅಳತೆ ಟೇಪು, ಫೋನಿನ ಸ್ಟಾಪ್‌ವಾಚ್, ಸೀಮೆಸುಣ್ಣ, ನೋಟ್‌ಬುಕ್, ಮೂರ್ನಾಲ್ಕು ಜನ. ಹಣಕ್ಕಿಂತ ತಾಳ್ಮೆ ಜಾಸ್ತಿ ಬೇಕು.

1. ಮೊದಲು ವೇಗ ಅಳೆಯಿರಿ

ಕಣ್ಣಂದಾಜು ನಂಬಬೇಡಿ. ಫುಟ್‌ಪಾತ್ ಮೇಲೆ ನಿಂತವರಿಗೆ ಸದ್ದು ಮಾಡುವ ಗಾಡಿ ವೇಗವಾಗಿ ಕಾಣುತ್ತದೆ, ಸದ್ದಿಲ್ಲದ ಕಾರು ನಿಧಾನವಾಗಿ ಕಾಣುತ್ತದೆ. ನಿಜ ಎಷ್ಟೋ ಸಲ ತಿರುಗುಮುರುಗು ಇರುತ್ತದೆ.

ರಸ್ತೆ ನೇರವಾಗಿರುವ ಕಡೆ 100 ಮೀಟರ್ ಅಳೆದು ಎರಡು ಕಡೆ ಗುರುತು ಮಾಡಿ. ಗುರುತು ಫುಟ್‌ಪಾತಿನ ಅಂಚಿನಲ್ಲೇ ಇರಲಿ, ರಸ್ತೆ ಮಧ್ಯಕ್ಕೆ ಇಳಿಯಬೇಡಿ. ಗಾಡಿಯ ಮುಂದಿನ ಚಕ್ರ ಮೊದಲ ಗುರುತು ದಾಟಿದಾಗ ಒಬ್ಬರು ಕೈ ಎತ್ತಲಿ, ಎರಡನೇ ಗುರುತಿನ ಎದುರು ನಿಂತವರು ಸ್ಟಾಪ್‌ವಾಚ್ ಹಿಡಿದಿರಲಿ. ಲೆಕ್ಕ ತುಂಬಾ ಸುಲಭ: 360ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. 9 ಸೆಕೆಂಡು ಹಿಡಿದರೆ 40. 7.2 ಸೆಕೆಂಡು ಅಂದರೆ 50. 6 ಸೆಕೆಂಡು ಅಂದರೆ 60.

ಬರೀ 25 ಮೀಟರ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ 0.3 ಸೆಕೆಂಡು ಆಚೀಚೆ ಆಗುವುದು ಸಹಜ. 25 ಮೀಟರಿನಲ್ಲಿ ಅಷ್ಟೇ ತಪ್ಪಿದರೂ 60ರ ಗಾಡಿ ಒಮ್ಮೆ 50 ಅಂತ ಕಾಣಬಹುದು, ಒಮ್ಮೆ 75 ಅಂತ ಕಾಣಬಹುದು. 100 ಮೀಟರಿನಲ್ಲಿ ಅದೇ ತಪ್ಪು ಆದರೆ 57ರಿಂದ 63ರ ನಡುವೆ ನಿಲ್ಲುತ್ತದೆ. ಅಳತೆ ಮಾಡಿದ ಕಾಗದ ಅಧಿಕಾರಿಗಳ ಮುಂದೆ ಇಟ್ಟಾಗ ಅವರು ಮೊದಲು ಕೇಳುವ ಪ್ರಶ್ನೆ ಇದೇ.

ಎಲ್ಲ ಗಾಡಿಗಳನ್ನೂ ಅಳೆಯಬೇಡಿ. ಸಾಲಾಗಿ ಬರುವಾಗ ಹಿಂದಿನವರ ವೇಗವನ್ನು ಮುಂದಿನವರು ನಿರ್ಧರಿಸುತ್ತಾರೆ. ಮುಂದೆ ನಾಲ್ಕೈದು ಸೆಕೆಂಡಿನಷ್ಟು ಖಾಲಿ ರಸ್ತೆ ಇರುವ ಗಾಡಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ, ಅವರು ತಮ್ಮ ಇಷ್ಟದ ವೇಗದಲ್ಲಿ ಓಡಿಸುತ್ತಿರುತ್ತಾರೆ. ಅಂಥ 100 ಗಾಡಿಗಳಾದರೂ ಆಗಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆಯಾಗಿ ಬರೆದುಕೊಳ್ಳಿ. ದಟ್ಟಣೆ ಇರುವ ಹೊತ್ತಿನಲ್ಲಿ ಬೇಕೆಂದರೂ ವೇಗವಾಗಿ ಹೋಗಲಾಗುವುದಿಲ್ಲ, ನಿಜವಾದ ತೊಂದರೆ ಖಾಲಿ ರಸ್ತೆಯಲ್ಲೇ ಕಾಣುವುದು. ನ್ಯೂಯಾರ್ಕ್ ನಗರದಲ್ಲಿ ಶಾಲೆಗಳ ಬಳಿಯ ಕ್ಯಾಮೆರಾಗಳು ಮೊದಲು ವಾರದ ದಿನಗಳಲ್ಲಿ ಮಾತ್ರ, ನಿಗದಿತ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದವು. ರಾತ್ರಿ ಮತ್ತು ವಾರಾಂತ್ಯದ ಅಪಘಾತಗಳು ಅವುಗಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. 2022ರ ಆಗಸ್ಟ್‌ನಿಂದ ಅವನ್ನು 24 ಗಂಟೆ, ವಾರಪೂರ್ತಿ ನಡೆಸುತ್ತಿದ್ದಾರೆ.

ಇನ್ನೊಂದು ಎಚ್ಚರಿಕೆ. ಹೊಳೆಯುವ ಜಾಕೆಟ್ ಹಾಕಿಕೊಂಡು ರಸ್ತೆ ಅಂಚಿಗೇ ನಿಂತರೆ ಚಾಲಕರು ನಿಮ್ಮನ್ನು ನೋಡಿ ನಿಧಾನ ಮಾಡುತ್ತಾರೆ, ಅಳತೆ ಕೆಡುತ್ತದೆ. ಸ್ವಲ್ಪ ಹಿಂದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿ. ಯಾರನ್ನೂ ತಡೆಯಬೇಡಿ, ಕೂಗಬೇಡಿ, ನಂಬರ್ ಬರೆದುಕೊಳ್ಳಬೇಡಿ. ಈ ಹಂತದಲ್ಲಿ ನಿಮಗೆ ಬೇಕಾಗಿರುವುದು ವೇಗ, ವ್ಯಕ್ತಿ ಅಲ್ಲ.

2. ಅಳತೆಯಿಂದ ಎರಡು ಸಂಖ್ಯೆ ತೆಗೆಯಿರಿ

ಒಂದು ಸರಾಸರಿ. ಇನ್ನೊಂದನ್ನು ಸಂಚಾರ ಎಂಜಿನಿಯರ್‌ಗಳು 85ನೇ ಪರ್ಸೆಂಟೈಲ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಚಿಕ್ಕದು: 100 ಗಾಡಿಗಳ ವೇಗವನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆಯಿರಿ, 85ನೆಯದು ಯಾವುದೋ ಅದೇ. ಅಂದರೆ 85 ಜನ ಆ ವೇಗದಲ್ಲಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಹೋಗುತ್ತಿದ್ದಾರೆ, ಉಳಿದ 15 ಜನ ಅದಕ್ಕಿಂತ ಜಾಸ್ತಿ.

ಈ ಎರಡನ್ನು ವೇಗಮಿತಿಯ ಪಕ್ಕ ಇಟ್ಟು ನೋಡಿದರೆ ಮುಂದಿನ ದಾರಿ ಗೊತ್ತಾಗುತ್ತದೆ. ಮಿತಿ 40, ಸರಾಸರಿ 38, ಆದರೆ ಕೊನೆಯ ಐದಾರು ಗಾಡಿಗಳು 70ರ ಮೇಲೆ ಇವೆ ಅಂದುಕೊಳ್ಳಿ. ಹೆಚ್ಚಿನವರು ಸರಿಯಾಗಿದ್ದಾರೆ, ಕೆಲವರು ಮಾತ್ರ ಹದ್ದು ಮೀರುತ್ತಿದ್ದಾರೆ. ಇಲ್ಲಿ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡುತ್ತದೆ. ಮಿತಿ 40, ಸರಾಸರಿಯೇ 55 ಇದ್ದರೆ ವಿಷಯ ಬೇರೆ. ರಸ್ತೆಯ ಅಗಲ, ನೇರ, ನುಣುಪು ಎಲ್ಲವೂ ಚಾಲಕನಿಗೆ ಜೋರಾಗಿ ಹೋಗು ಅನ್ನುತ್ತಿದೆ, ಒಂದು ಬೋರ್ಡ್ ಮಾತ್ರ ಬೇಡ ಅನ್ನುತ್ತಿದೆ. ಅಲ್ಲಿ ಬರೀ ಕ್ಯಾಮೆರಾ ನೆಟ್ಟರೆ ದಿನವಿಡೀ ದಂಡ ಬೀಳುತ್ತದೆ, ಜನ ತಿರುಗಿಬೀಳುತ್ತಾರೆ. ರಸ್ತೆಯ ರೂಪವನ್ನೂ ಬದಲಿಸಬೇಕಾಗುತ್ತದೆ.

3. ಅಪಘಾತದ ದಾಖಲೆ ಸೇರಿಸಿ

ಪೊಲೀಸರ ಬಳಿ, ರಸ್ತೆ ನೋಡಿಕೊಳ್ಳುವ ಇಲಾಖೆಯ ಬಳಿ ದಾಖಲೆ ಇರುತ್ತದೆ. ಮಾಹಿತಿ ಕೇಳುವ ಹಕ್ಕು ಇದ್ದರೆ ಬಳಸಿಕೊಳ್ಳಿ. ಕನಿಷ್ಠ ಮೂರು ವರ್ಷದ್ದು ಬೇಕು, ಐದು ವರ್ಷದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಒಂದೇ ವರ್ಷದ್ದು ಯಾಕೆ ಸಾಲದು? ಅಪಘಾತಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಸುಮ್ನೆ ಏರಿಳಿಯುತ್ತಿರುತ್ತದೆ. ಒಂದು ಜಾಗದಲ್ಲಿ ಕೆಟ್ಟ ವರ್ಷ ಬಂತು, ಕೂಡಲೇ ಕ್ಯಾಮೆರಾ ಹಾಕಿದರು, ಮುಂದಿನ ವರ್ಷ ಸಂಖ್ಯೆ ಇಳಿಯಿತು. ಕ್ಯಾಮೆರಾದಿಂದಲೇ ಇಳಿಯಿತಾ? ಗೊತ್ತಿಲ್ಲ, ಏನೂ ಮಾಡದಿದ್ದರೂ ಇಳಿಯುತ್ತಿತ್ತೇನೋ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವುದು ಅನ್ನುತ್ತಾರೆ. ಕ್ಯಾಮೆರಾ ಬೇಡ ಅನ್ನುವವರು ಮೊದಲು ಹಿಡಿಯುವ ಅಸ್ತ್ರ ಇದು, ಮತ್ತು ಅವರು ಹೇಳುವುದರಲ್ಲಿ ಅರ್ಥವಿದೆ. ಹಲವು ವರ್ಷಗಳ ಲೆಕ್ಕ ಇಟ್ಟುಕೊಂಡರೆ ನಿಮ್ಮ ಮಾತು ಗಟ್ಟಿಯಾಗುತ್ತದೆ.

ದಾಖಲೆಯಲ್ಲಿ ಪ್ರತಿ ಅಪಘಾತದ ಹೊತ್ತು, ದಿಕ್ಕು, ಯಾರಿಗೆ ಪೆಟ್ಟಾಯಿತು, ವೇಗ ಕಾರಣವೇ ಅನ್ನುವುದನ್ನು ನೋಡಿ. ಬೀದಿದೀಪ ಇಲ್ಲದ್ದಕ್ಕೆ, ಗುಂಡಿಗೆ, ತಪ್ಪು ದಿಕ್ಕಿನಲ್ಲಿ ಬಂದದ್ದಕ್ಕೆ ಆದ ಅಪಘಾತಗಳನ್ನು ಸ್ಪೀಡ್ ಕ್ಯಾಮೆರಾ ತಡೆಯುವುದಿಲ್ಲ.

ಅಪಘಾತ ಆಗುವವರೆಗೂ ಕಾಯಬೇಕಾ ಅಂತ ಕೋಪದಿಂದ ಕೇಳುವವರಿದ್ದಾರೆ. ಅವರ ಕೋಪ ನ್ಯಾಯವಾದದ್ದು. ಶಾಲೆ, ಆಸ್ಪತ್ರೆ, ವಯಸ್ಸಾದವರು ದಾಟುವ ಜಾಗ ಇದ್ದರೆ ವೇಗದ ಅಳತೆಯ ಮೇಲೆಯೇ ಕೇಳಿ. ಗಂಟೆಗೆ ಎಷ್ಟು ಜನ ರಸ್ತೆ ದಾಟುತ್ತಾರೆ ಅಂತ ಎಣಿಸಿ ಅದನ್ನೂ ಸೇರಿಸಿ. ಎಷ್ಟೋ ರಸ್ತೆಗಳಲ್ಲಿ ಅಪಘಾತ ಕಮ್ಮಿ ಇರುವುದು ಜನ ಹೆದರಿ ದಾಟುವುದನ್ನೇ ಬಿಟ್ಟಿರುವುದರಿಂದ.

4. ಬೇರೆ ದಾರಿ ಇದೆಯಾ ನೋಡಿ

ಮನೆಗಳ ನಡುವಿನ ಚಿಕ್ಕ ರಸ್ತೆಯಾದರೆ ಕ್ಯಾಮೆರಾಗಿಂತ ಸರಿಯಾದ ಅಳತೆಯ ಹಂಪು, ಎತ್ತರಿಸಿದ ಜೀಬ್ರಾ ಕ್ರಾಸಿಂಗು, ತಿರುವಿನಲ್ಲಿ ರಸ್ತೆ ಕಿರಿದು ಮಾಡುವುದು ಇವೇ ವಾಸಿ. ದಿನಪೂರ್ತಿ ಕೆಲಸ ಮಾಡುತ್ತವೆ, ಯಾರಿಗೂ ನೋಟಿಸು ಕಳಿಸಬೇಕಿಲ್ಲ. ಬಸ್ಸು, ಆಂಬುಲೆನ್ಸ್ ಜಾಸ್ತಿ ಓಡಾಡುವ, ಹಂಪು ಹಾಕಲಾಗದ ದೊಡ್ಡ ರಸ್ತೆಗಳೇ ಕ್ಯಾಮೆರಾಗೆ ಸರಿಯಾದ ಜಾಗ.

ಬಂದ ಗಾಡಿಯ ವೇಗ ತೋರಿಸುವ ಬೋರ್ಡೂ ಇದೆ, ದಂಡ ಇಲ್ಲ. ಮೊದಲ ಹೆಜ್ಜೆಗೆ ಒಳ್ಳೆಯದು. ಆದರೆ ತೆಗೆದ ಮೇಲೆ ವೇಗ ಹಳೆಯ ಮಟ್ಟಕ್ಕೆ ಮರಳುತ್ತದೆ.

ಇದೇ ಹಂತದಲ್ಲಿ ವೇಗಮಿತಿಯ ಬೋರ್ಡುಗಳನ್ನು ನಡೆದುಕೊಂಡು ಹೋಗಿ ನೋಡಿ. ಇವೆಯಾ? ಮರದ ಕೊಂಬೆ ಮುಚ್ಚಿದೆಯಾ? ರಾತ್ರಿ ಕಾಣುತ್ತವಾ? ಅಡ್ಡರಸ್ತೆಯಿಂದ ಬಂದು ಸೇರುವವರಿಗೂ ಕಾಣುತ್ತವಾ? ಮಿತಿಯನ್ನು ಕಾನೂನು ಪ್ರಕಾರ ಹೊರಡಿಸಿದ ಆದೇಶದ ಪ್ರತಿ ಕೇಳಿ ಪಡೆಯಿರಿ. ಬೋರ್ಡ್ ಇದ್ದು ಆದೇಶ ಇಲ್ಲದಿದ್ದರೆ ಬಿದ್ದ ದಂಡವೆಲ್ಲ ಮುಂದೆ ಒಂದೇ ಏಟಿಗೆ ರದ್ದಾಗಬಹುದು.

5. ಯಾರ ಕೈಯಲ್ಲಿ ಏನಿದೆ ತಿಳಿದುಕೊಳ್ಳಿ

ಸಾಮಾನ್ಯವಾಗಿ ಮೂರು ಕಡೆ ಕೆಲಸ ಹಂಚಿಹೋಗಿರುತ್ತದೆ: ರಸ್ತೆ ಒಬ್ಬರದ್ದು, ದಂಡ ಹಾಕುವ ಅಧಿಕಾರ ಪೊಲೀಸರದ್ದು, ಗಾಡಿ ಮಾಲೀಕರ ವಿಳಾಸ ಇರುವುದು ನೋಂದಣಿ ಇಲಾಖೆಯಲ್ಲಿ. ಮೂವರಿಗೂ ಒಂದೇ ದಿನ, ಒಂದೇ ಕಾಗದ ಕೊಡಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ದಂಡ ಯಾರ ಮೇಲೆ ಅನ್ನುವುದು ಕ್ಯಾಮೆರಾ ಆರಿಸುವ ಮೊದಲೇ ಗೊತ್ತಿರಬೇಕು. ನೆದರ್ಲೆಂಡ್ಸ್‌ನಲ್ಲಿ ಗಾಡಿಯ ಮಾಲೀಕನಿಗೆ ದಂಡ, ಹಾಗಾಗಿ ನಂಬರ್ ಪ್ಲೇಟ್ ಚಿತ್ರ ಸಾಕು. ಜರ್ಮನಿ, ಸ್ವೀಡನ್‌ಗಳಲ್ಲಿ ಓಡಿಸಿದವರೇ ಹೊಣೆ, ಅಲ್ಲಿ ಮುಖ ಕಾಣುವ ಚಿತ್ರ ಬೇಕು. ಮುಂದಿನಿಂದ ತೆಗೆಯುವ ಕ್ಯಾಮೆರಾ ಬೇಕೋ ಹಿಂದಿನಿಂದ ತೆಗೆಯುವುದೋ ಅನ್ನುವುದು ಇದರ ಮೇಲೆ ನಿಂತಿದೆ. ಬೈಕುಗಳಿಗೆ ಮುಂದೆ ನಂಬರ್ ಪ್ಲೇಟ್ ಇಲ್ಲದ ದೇಶಗಳಲ್ಲಿ ಮುಂದಿನಿಂದ ಮಾತ್ರ ತೆಗೆದರೆ ಬೈಕಿನವರೆಲ್ಲ ತಪ್ಪಿಸಿಕೊಳ್ಳುತ್ತಾರೆ.

6. ಯಾವ ಕ್ಯಾಮೆರಾ?

ಕಂಬದ ಮೇಲೆ ಕಾಯಂ ಇರುವುದು ಎಲ್ಲರಿಗೂ ಗೊತ್ತು. ಇದರ ಮೂಲಪುರುಷರಲ್ಲಿ ಒಬ್ಬ ಡಚ್ ರ‍್ಯಾಲಿ ಚಾಲಕ ಮೌಸ್ ಗಾಟ್ಸೊನಿಡಿಸ್, 1953ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದವರು. ತಿರುವಿನಲ್ಲಿ ಇನ್ನೂ ಜೋರಾಗಿ ಹೋಗುವುದು ಹೇಗೆ ಅಂತ ತಮ್ಮ ವೇಗ ತಾವೇ ಅಳೆಯಲು ಮಾಡಿಕೊಂಡ ಸಾಧನ ಮುಂದೆ ಲೋಕದ ಗಾಡಿಗಳ ವೇಗ ಇಳಿಸಲು ಬಂತು.

ಹೆಚ್ಚಿನವುಗಳಲ್ಲಿ ರೇಡಾರ್ ಇರುತ್ತದೆ. ರೇಡಿಯೋ ಅಲೆ ಬಿಡುತ್ತದೆ, ಗಾಡಿಗೆ ತಗುಲಿ ಮರಳುವ ಅಲೆಯ ಆವರ್ತನ ಎಷ್ಟು ಬದಲಾಯಿತು ಅನ್ನುವುದರಿಂದ ವೇಗ ಲೆಕ್ಕ ಹಾಕುತ್ತದೆ. ಕೆಲವು ಲೇಸರ್ ಬಳಸುತ್ತವೆ, ಕೆಲವು ರಸ್ತೆಯೊಳಗೆ ಹುಗಿದ ಪಟ್ಟಿಗಳನ್ನು. ಕಾಯಂ ಕ್ಯಾಮೆರಾದ ದೊಡ್ಡ ಕೊರತೆ ಒಂದೇ: ಕಂಬ ಕಂಡಾಗ ಬ್ರೇಕು, ದಾಟಿದ ಕೂಡಲೇ ಮತ್ತೆ ವೇಗ. ಒಂದೇ ಅಪಾಯದ ಜಾಗ ಇದ್ದರೆ, ಉದಾಹರಣೆಗೆ ಒಂದು ಕ್ರಾಸಿಂಗ್, ಇದು ಸಾಕು. ಉದ್ದದ ರಸ್ತೆಗೆ ಸಾಲದು.

ಉದ್ದದ ರಸ್ತೆಗೆ ನಾನು ಹೇಳುವುದು ಸರಾಸರಿ ವೇಗದ ಕ್ಯಾಮೆರಾ. ಎರಡು ಕಡೆ ಕ್ಯಾಮೆರಾ, ಎರಡೂ ನಂಬರ್ ಪ್ಲೇಟ್ ಓದುತ್ತವೆ, ನಡುವೆ ಎಷ್ಟು ಹೊತ್ತು ಹಿಡಿಯಿತು ನೋಡುತ್ತವೆ. ಎರಡು ಕಿಲೋಮೀಟರ್ ದೂರ, ಮಿತಿ 60 ಆದರೆ ಎರಡು ನಿಮಿಷ ಹಿಡಿಯಬೇಕು. 90 ಸೆಕೆಂಡಿಗೇ ಬಂದರೆ ಸರಾಸರಿ 80ರಲ್ಲಿ ಬಂದಿದ್ದಾರೆ ಅಂತ ಅರ್ಥ. ಕಂಬದ ಬಳಿ ಬ್ರೇಕ್ ಹಾಕಿ ಪ್ರಯೋಜನವಿಲ್ಲ. ವೇಗ ಏರಿಳಿಯುವುದೂ ತಪ್ಪುತ್ತದೆ. ಸ್ಕಾಟ್ಲೆಂಡ್‌ನ ಎ9 ಹೆದ್ದಾರಿಯಲ್ಲಿ 2014ರಿಂದ ಈ ವ್ಯವಸ್ಥೆ ಇದೆ. ನಡುವೆ ಅಡ್ಡರಸ್ತೆ, ಅಂಗಡಿ, ನಿಲ್ಲುವ ಜಾಗ ಜಾಸ್ತಿ ಇದ್ದರೆ ಮಾತ್ರ ಇದು ಹೊಂದುವುದಿಲ್ಲ. ನಡುವೆ ಐದು ನಿಮಿಷ ನಿಂತು ಹೊರಟವರು ಎಷ್ಟು ಜೋರಾಗಿ ಹೋದರೂ ಸಿಕ್ಕಿಬೀಳುವುದಿಲ್ಲ.

ಗಾಡಿಯಲ್ಲಿಟ್ಟು ಜಾಗ ಬದಲಿಸುವ ಕ್ಯಾಮೆರಾ ಇನ್ನೊಂದು. ಒಂದೇ ಉಪಕರಣ ಹಲವು ರಸ್ತೆಗೆ ಸಿಗುತ್ತದೆ, ಎಲ್ಲಿದೆ ಅಂತ ಗೊತ್ತಿಲ್ಲದ್ದರಿಂದ ಎಲ್ಲ ಕಡೆ ನಿಧಾನ ಹೋಗುತ್ತಾರೆ. ಆದರೆ ಅದನ್ನು ನಡೆಸಲು ದಿನವೂ ಜನ ಬೇಕು.

7. ಕಂಬ ನೆಡುವ ಮೊದಲು, ನೆಟ್ಟ ಮೇಲೆ

ಇಲ್ಲಿ ಆಗುವ ತಪ್ಪುಗಳೇ ಯೋಜನೆಯನ್ನು ಕೊಲ್ಲುವುದು, ಹಾಗಾಗಿ ನಿಧಾನವಾಗಿ ಓದಿ.

ಕೋನ. ರಸ್ತೆ ಪಕ್ಕದ ರೇಡಾರ್ ಗಾಡಿಯನ್ನು ನೇರ ಮುಂದಿನಿಂದ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ಓರೆ ಜಾಸ್ತಿಯಾದಷ್ಟೂ ವೇಗ ಕಮ್ಮಿ ಕಾಣುತ್ತದೆ. 20 ಡಿಗ್ರಿ ಓರೆಯಲ್ಲಿ 60ರ ಗಾಡಿ 56 ಅಂತ ಕಾಣುತ್ತದೆ. ಅದಕ್ಕೇ ಉಪಕರಣದೊಳಗೆ ಕೋನ ಎಷ್ಟು ಅಂತ ತುಂಬಿಸಿ ಲೆಕ್ಕ ಸರಿಪಡಿಸುತ್ತಾರೆ. ತೊಂದರೆ ಬರುವುದು ಇಲ್ಲೇ. 25 ಡಿಗ್ರಿ ಅಂತ ತುಂಬಿಸಿ, ಕಂಬದ ಮೇಲೆ 20 ಡಿಗ್ರಿಗೆ ಕೂರಿಸಿದರೆ 60ರ ಗಾಡಿ 62 ಅಂತ ಬರುತ್ತದೆ. ಲಾರಿ ತಗುಲಿ ಕಂಬ ಸ್ವಲ್ಪ ತಿರುಗಿದರೂ ಹೀಗೆ ಆಗಬಹುದು. ಹಾಗಾಗಿ ಅಳತೆ ಸರಿಯಿದೆಯೇ ಅಂತ ನೋಡುವ ಪರೀಕ್ಷೆ, ಅಂದರೆ ಕ್ಯಾಲಿಬ್ರೇಷನ್, ನಿಗದಿತ ಅವಧಿಗೊಮ್ಮೆ ಆಗಬೇಕು. ಅದನ್ನು ಕ್ಯಾಮೆರಾ ಮಾರಿದ ಕಂಪನಿ ಮಾಡಬಾರದು, ಹೊರಗಿನ ಅಧಿಕೃತ ಪ್ರಯೋಗಾಲಯ ಮಾಡಬೇಕು. ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ಹಾಕಿ ಅಂತ ಮನವಿಯಲ್ಲೇ ಬರೆಯಿರಿ.

ಎರಡು ಚಿತ್ರ. ಇದನ್ನು ಬಿಡಬೇಡಿ. ನಿಗದಿತ ಅಂತರದಲ್ಲಿ, ಉದಾಹರಣೆಗೆ ಅರ್ಧ ಸೆಕೆಂಡಿಗೆ ಒಂದರಂತೆ ಎರಡು ಚಿತ್ರ ತೆಗೆಯಬೇಕು, ರಸ್ತೆ ಮೇಲೆ ಸಮ ಅಂತರದ ಬಿಳಿ ಗೆರೆ ಇರಬೇಕು. 60ರ ಗಾಡಿ ಅರ್ಧ ಸೆಕೆಂಡಿನಲ್ಲಿ ಎಂಟು ಮೀಟರಿಗೂ ಸ್ವಲ್ಪ ಜಾಸ್ತಿ ಸರಿದಿರಬೇಕು. ರೇಡಾರ್ ಏನೇ ಹೇಳಲಿ, ಗೆರೆ ಎಣಿಸಿ ಯಾರು ಬೇಕಾದರೂ ತಾಳೆ ನೋಡಬಹುದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2012ರಲ್ಲಿ, ಕೆಂಪು ದೀಪಕ್ಕೆ ನಿಂತಿದ್ದ ಕಾರಿಗೇ ಅತಿವೇಗದ ದಂಡ ಬಂದದ್ದು ದೊಡ್ಡ ಸುದ್ದಿಯಾಯಿತು. ಚಿತ್ರಗಳಲ್ಲಿ ಕಾರು ಇದ್ದಲ್ಲೇ ಇತ್ತು. ಕಳಿಸುವ ಮೊದಲು ಯಾರಾದರೂ ಕಣ್ಣಿಟ್ಟು ನೋಡಿದ್ದರೆ ಆ ನೋಟಿಸು ಹೊರಡುತ್ತಲೇ ಇರಲಿಲ್ಲ. ಮುಂದಿನ ವರ್ಷ ಆ ನಗರ ಇಡೀ ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಆಗ ನಷ್ಟ ಆದದ್ದು ರಸ್ತೆ ದಾಟುವವರಿಗೆ.

ಹಾಗಾಗಿ ಪ್ರತಿ ನೋಟಿಸನ್ನೂ ತರಬೇತಿ ಇರುವ ಒಬ್ಬ ಅಧಿಕಾರಿ ನೋಡಲೇಬೇಕು. ಒಂದೇ ಚಿತ್ರದಲ್ಲಿ ಎರಡು ಗಾಡಿ ಇದ್ದು ಯಾವುದರ ವೇಗ ಅಂತ ಗೊತ್ತಾಗದಿದ್ದರೆ ಅಲ್ಲೇ ಬಿಡಬೇಕು. ನಂಬರಿನ ಒಂದು ಅಕ್ಷರ ಮಸುಕಾಗಿದ್ದರೂ ಬಿಡಬೇಕು. ಕಂಪ್ಯೂಟರು ಎಂಟನ್ನು ಮೂರು ಅಂತ ಓದಿದರೆ ಎಲ್ಲೋ ಇರುವ ಅಮಾಯಕರ ಮನೆಗೆ ಕಾಗದ ಹೋಗುತ್ತದೆ.

ರಿಯಾಯಿತಿ. ಎಲ್ಲ ಉಪಕರಣಗಳಲ್ಲೂ ಅಳತೆಯ ಸಣ್ಣ ಏರುಪೇರು ಇರುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಗಂಟೆಗೆ 100 ಕಿ.ಮೀ.ವರೆಗೆ 3 ಕಿ.ಮೀ., ಅದರ ಮೇಲೆ ಶೇ. 3 ಕಳೆದು ಉಳಿದದ್ದಕ್ಕೆ ದಂಡ ಹಾಕುತ್ತಾರೆ. ನಿಮ್ಮಲ್ಲೂ ಅಂಥ ಸ್ಪಷ್ಟ ನಿಯಮ ಇರಲಿ. ಆದರೆ ರಿಯಾಯಿತಿ ತುಂಬಾ ದೊಡ್ಡದು ಮಾಡಿದರೆ ಅದೇ ಹೊಸ ಮಿತಿಯಾಗಿಬಿಡುತ್ತದೆ. 40ರ ರಸ್ತೆಯಲ್ಲಿ 55ರವರೆಗೆ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಯಾರು 40ರಲ್ಲಿ ಹೋಗುತ್ತಾರೆ?

ಉಳಿದದ್ದು ಚಿಕ್ಕಚಿಕ್ಕ ವಿಷಯ. ರಾತ್ರಿ ಕಣ್ಣು ಕುಕ್ಕದ ಇನ್ಫ್ರಾರೆಡ್ ಬೆಳಕು ಬೇಕು. ಮರದ ಕೊಂಬೆ ಅಡ್ಡ ಬೆಳೆಯದಂತೆ ನೋಡುವವರು ಯಾರು ಅಂತ ಬರೆದಿರಬೇಕು. ಮಿತಿ ಬದಲಾಗುವ ಬೋರ್ಡ್ ದಾಟಿದ ಕೂಡಲೇ, ಅಥವಾ ಇಳಿಜಾರಿನ ಬುಡದಲ್ಲಿ ಕ್ಯಾಮೆರಾ ಇಡಬೇಡಿ ಅಂತ ಹೇಳಿ, ಅಪಾಯ ನಿಜವಾಗಿ ಅಲ್ಲೇ ಇದ್ದರೆ ಬೇರೆ ಮಾತು. ಅಂಥ ಜಾಗದಲ್ಲಿ ಇಟ್ಟದ್ದು ಜನರ ಕಣ್ಣಿಗೆ ಬಲೆಯ ಹಾಗೇ ಕಾಣುವುದು.

8. ಜನರಿಗೆ ಮುಚ್ಚುಮರೆ ಬೇಡ

ಶುರುವಿನ ಒಂದೆರಡು ತಿಂಗಳು ದಂಡವಿಲ್ಲದ ಎಚ್ಚರಿಕೆ ಪತ್ರ ಮಾತ್ರ ಕಳಿಸಿ ಅಂತ ಕೇಳಿ. ಮುಂದೆ ಕ್ಯಾಮೆರಾ ಇದೆ ಅನ್ನುವ ಬೋರ್ಡ್ ಹಾಕಿಸಿ. ಬೋರ್ಡ್ ಹಾಕಿದರೆ ಯಾರೂ ಸಿಕ್ಕಿಬೀಳುವುದಿಲ್ಲ ಅನ್ನುತ್ತಾರೆ ಕೆಲವರು. ಸಿಕ್ಕಿಬೀಳದಿರಲಿ, ನಿಧಾನ ಹೋದರೆ ಸಾಕಲ್ವಾ? ಬ್ರಿಟನ್‌ನಲ್ಲಿ ಕ್ಯಾಮೆರಾ ಪೆಟ್ಟಿಗೆಗೆ ಎದ್ದು ಕಾಣುವ ಹಳದಿ ಬಣ್ಣ ಬಳಿಯುತ್ತಾರೆ. ಸ್ವೀಡನ್‌ನಲ್ಲಿ ಅದನ್ನು ಕರೆಯುವುದೇ ಸಂಚಾರ ಸುರಕ್ಷತಾ ಕ್ಯಾಮೆರಾ ಅಂತ.

ಹಣದ ಪ್ರಶ್ನೆ ಎದ್ದೇ ಏಳುತ್ತದೆ. ದಂಡದ ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲೇ ಬರೆದಿರಬೇಕು. ಬ್ರಿಟನ್‌ನಲ್ಲಿ 2007ರವರೆಗೆ ಕ್ಯಾಮೆರಾ ನಡೆಸುವ ಖರ್ಚನ್ನು ದಂಡದ ಹಣದಿಂದಲೇ ತೆಗೆಯುತ್ತಿದ್ದರು. ಆಮೇಲೆ ಆ ನೇರ ಕೊಂಡಿಯನ್ನು ಕತ್ತರಿಸಿ, ಒಟ್ಟಾರೆ ರಸ್ತೆ ಸುರಕ್ಷತೆಗೆ ಬೇರೆಯಾಗಿ ಹಣ ಕೊಡಲು ಶುರು ಮಾಡಿದರು. ಖಾಸಗಿ ಕಂಪನಿ ಕ್ಯಾಮೆರಾ ನಡೆಸುವುದಾದರೆ ಒಂದು ಷರತ್ತನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ: ತಿಂಗಳಿಗೆ ಇಷ್ಟು ಅಂತ ನಿಗದಿತ ಬಾಡಿಗೆ ಮಾತ್ರ, ನೋಟಿಸಿಗೆ ಇಷ್ಟು ಅಂತ ಕಮಿಷನ್ ಇಲ್ಲ. ಕಮಿಷನ್ ಇದ್ದರೆ ವೇಗ ಇಳಿಯುವುದು ಕಂಪನಿಗೇ ನಷ್ಟ.

ಚಿತ್ರದಲ್ಲಿ ಸಿಗುವವರ ಖಾಸಗಿತನವೂ ಮುಖ್ಯ. ಮಿತಿಯೊಳಗೆ ಹೋದವರ ಚಿತ್ರ ಮತ್ತು ನಂಬರ್ ಕೂಡಲೇ ಅಳಿಸಬೇಕು, ಸರಾಸರಿ ವೇಗದ ಕ್ಯಾಮೆರಾಗಳಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಅವು ಹೋಗುವ ಎಲ್ಲರ ನಂಬರನ್ನೂ ಓದುತ್ತವೆ. ಪಕ್ಕದಲ್ಲಿ ಕೂತವರ ಮುಖ ಮಸುಕು ಮಾಡಬೇಕು. ಎಷ್ಟು ದಿನ ಇಡುತ್ತಾರೆ, ಯಾರು ನೋಡಬಹುದು ಅನ್ನುವುದು ಬರಹದಲ್ಲಿರಲಿ.

ತಕರಾರು ಸಲ್ಲಿಸುವ ದಾರಿಯೂ ಸುಲಭವಾಗಿರಬೇಕು. ನೋಟಿಸಿನಲ್ಲೇ ಎರಡೂ ಚಿತ್ರ, ಹೊತ್ತು, ಜಾಗ, ಪ್ರಮಾಣಪತ್ರದ ದಿನಾಂಕ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಗಾಡಿ ಕಳುವಾಗಿದ್ದರೆ, ಮಾರಿದ್ದರೆ, ಆಸ್ಪತ್ರೆಗೆ ತುರ್ತಾಗಿ ಹೋಗುತ್ತಿದ್ದರೆ ಏನು ಮಾಡಬೇಕು ಅನ್ನುವುದೂ ಅಲ್ಲೇ ಇರಲಿ.

9. ಹಾಕಿದ ಮೇಲೆ ಮತ್ತೆ ಅಳೆಯಿರಿ

ಹೆಚ್ಚಿನವರು ಕ್ಯಾಮೆರಾ ಬಂದ ಖುಷಿಯಲ್ಲಿ ಇಲ್ಲಿಗೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಮೊದಲು ಅಳೆದ ಜಾಗದಲ್ಲೇ, ಅದೇ ಹೊತ್ತಿನಲ್ಲಿ, ಅದೇ ರೀತಿ ಮತ್ತೆ 100 ಗಾಡಿ ಅಳೆಯಿರಿ. ಹಾಕಿ ಮೂರು ತಿಂಗಳಾದಾಗ ಒಮ್ಮೆ, ಒಂದು ವರ್ಷವಾದಾಗ ಒಮ್ಮೆ. ಮೊದಲ ಅಳತೆ ಮಳೆಯಿಲ್ಲದ ದಿನ ಮಾಡಿದ್ದರೆ ಎರಡನೆಯದೂ ಹಾಗೇ ಇರಲಿ.

ಕಂಬದ ಬಳಿ ಮಾತ್ರ ಅಳೆದರೆ ಏನೂ ಗೊತ್ತಾಗುವುದಿಲ್ಲ, ಅಲ್ಲಿ ಎಲ್ಲರೂ ಸಾಧುಗಳೇ. ಕಂಬ ದಾಟಿ 500 ಮೀಟರ್ ಮುಂದೆಯೂ ಅಳೆಯಿರಿ. ಅಲ್ಲಿ ವೇಗ ಮತ್ತೆ ಏರಿದ್ದರೆ ಸರಾಸರಿ ವೇಗದ ಕ್ಯಾಮೆರಾ ಕೇಳಲು ನಿಮ್ಮ ಕೈಯಲ್ಲಿ ಕಾರಣ ಸಿಕ್ಕಿತು. ಪಕ್ಕದ ಒಳರಸ್ತೆಗಳಲ್ಲಿ ಗಾಡಿ ಎಣಿಸಿ, ಕ್ಯಾಮೆರಾ ತಪ್ಪಿಸಲು ಕೆಲವರು ಮನೆಗಳ ನಡುವೆ ನುಗ್ಗುತ್ತಾರೆ. ಹಾಗೇ ಕ್ಯಾಮೆರಾ ಇಲ್ಲದ, ಇದೇ ತರಹದ ಇನ್ನೊಂದು ರಸ್ತೆಯನ್ನು ಶುರುವಿನಿಂದಲೇ ಜೊತೆಗೆ ಅಳೆದಿಟ್ಟಿರಿ. ಎರಡರಲ್ಲೂ ಒಂದೇ ಪ್ರಮಾಣದಲ್ಲಿ ವೇಗ ಇಳಿದಿದ್ದರೆ ಕಾರಣ ಬೇರೆ ಏನೋ ಇದೆ.

ಅಪಘಾತದ ಲೆಕ್ಕಕ್ಕೆ ಮಾತ್ರ ಅವಸರ ಬೇಡ. ಚಿಕ್ಕ ರಸ್ತೆಯಲ್ಲಿ ವರ್ಷಕ್ಕೆ ಎರಡು ಅಪಘಾತ ಒಂದಕ್ಕೆ ಇಳಿದರೆ ಅರ್ಧ ಕಮ್ಮಿಯಾಯಿತು ಅಂತ ಬೀಗಬೇಡಿ, ಅಷ್ಟು ಸಣ್ಣ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಮೂರು ವರ್ಷ ಕಾಯಿರಿ. ಅಲ್ಲಿಯವರೆಗೆ ವೇಗದ ಅಳತೆಯನ್ನೇ ಜನರ ಮುಂದಿಡಿ.

ಕೆಲವು ತಿಂಗಳ ನಂತರ ನೋಟಿಸುಗಳು ಕಮ್ಮಿಯಾಗುತ್ತಾ ಬರುತ್ತವೆ. ಆಗ ಯಾರಾದರೂ ಬಂದು "ಈ ಕ್ಯಾಮೆರಾದಿಂದ ಈಗ ಏನೂ ಬರುತ್ತಿಲ್ಲ, ತೆಗೆಯೋಣ" ಅನ್ನುತ್ತಾರೆ. ಆ ಸಭೆಗೆ ತಪ್ಪದೆ ಹೋಗಿ, ಮೊದಲಿನ ಮತ್ತು ಈಗಿನ ಅಳತೆಯ ಹಾಳೆಗಳನ್ನು ಜೊತೆಗೆ ಒಯ್ಯಿರಿ. ತೆಗೆಯಲೇಬೇಕು ಅಂತ ತೀರ್ಮಾನವಾದರೆ, ತೆಗೆಯುವ ಮೊದಲು ಆ ಜಾಗದಲ್ಲಿ ಎತ್ತರದ ಕ್ರಾಸಿಂಗೋ ಕಿರಿದಾದ ತಿರುವೋ ಬರಲಿ ಅಂತ ಬರಹದಲ್ಲಿ ಕೇಳಿ, ತೆಗೆದ ಒಂದು ತಿಂಗಳಿಗೆ ಟೇಪು ಹಿಡಿದು ಮತ್ತೆ ಅಳೆಯಿರಿ.